‘ಗೊತ್ತಿಲ್ಲ’ ಎಂಬ ಮಾತಿನ ಒಳಗೆ

ಮಠದಲ್ಲಿರುವವರು ಕಾದಂಬರಿ ಓದುವುದು ಉಚಿತವೇ ಎಂದು ಹಿರಿಯ ಭಕ್ತರೊಬ್ಬರು ಈಚೆಗೆ ನಮ್ಮನ್ನು ಸಂಕೋಚದಿಂದಲೇ ಕೇಳಿದರು. ವಚನಗಳಿವೆ, ಉಪನಿಷತ್ತುಗಳಿವೆ, ಇವೆಲ್ಲ ಇರುವಾಗ ಕಟ್ಟುಕಥೆಗೆ ವೇಳೆ ಎಲ್ಲಿಯದು ಎಂಬುದು ಅವರ ಇಂಗಿತವಾಗಿತ್ತು. ಅವರ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ‘ನಾನು ಯಾರು’ ಎಂಬ ಪ್ರಶ್ನೆಯನ್ನು ಶಾಸ್ತ್ರವು ದೇಶಕಾಲಗಳ ಹಂಗಿಲ್ಲದೆ ಕೇಳುತ್ತದೆ. ಕಾದಂಬರಿಯಾದರೋ ಅದೇ ಪ್ರಶ್ನೆಯನ್ನು ಸೋಮವಾರ ಬೆಳಿಗ್ಗೆ ಕೆಲಸವಿಲ್ಲದೆ ಹೋಟೆಲಿನಲ್ಲಿ ಕುಳಿತು ಕಾಫಿ ಹೀರುತ್ತಿರುವ ಒಬ್ಬ ಮನುಷ್ಯನ ಮುಂದೆ ತಂದು ನಿಲ್ಲಿಸುತ್ತದೆ. ಶಾಸ್ತ್ರದ ಪ್ರಶ್ನೆಗೆ ಪಾಠ ಮಾಡಿದ ಉತ್ತರ ಕೊಟ್ಟು ಪಾರಾಗಬಹುದು. ಆ ಮನುಷ್ಯನ ಮುಂದೆ ನಿಂತಾಗ ಪಾರಾಗುವುದು ಅಷ್ಟು ಸುಲಭವಲ್ಲ.

ಹೀಗೆ ಹೋಟೆಲಿನಲ್ಲಿ ಕುಳಿತ ಮನುಷ್ಯನೊಬ್ಬನ ಕಥೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಪ್ರಕಟವಾದ ಈ ಕೃತಿ ಕಾದಂಬರಿ ಎನ್ನುವುದಕ್ಕಿಂತ ನೀಳ್ಗತೆ ಎನ್ನಬಹುದಾದಷ್ಟು ಪುಟ್ಟದು. ಶ್ರೀನಾಥ ಪೇರೂರು ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳ ಓದುಗರನ್ನೂ ತಲುಪಿದೆ. ಪ್ರವಾಸದ ವೇಳೆ ಕಾರಿನಲ್ಲಿ ಒಂದೇ ಪಟ್ಟಿಗೆ ಓದಿ ಮುಗಿಸಿದೆವು. ಆದರೆ ಅದು ನಮ್ಮೊಳಗೆ ಮುಗಿಯಲು ಬಹಳ ದಿನ ಹಿಡಿಯಿತು.

ಕಥೆಯನ್ನು ಓದದವರಿಗಾಗಿ ಸ್ಥೂಲವಾಗಿ ಹೇಳುವುದಾದರೆ: ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಕುಟುಂಬ. ಇಕ್ಕಟ್ಟಾದ ಮನೆ, ಮನೆ ತುಂಬ ಇರುವೆ, ಅಪ್ಪನೊಬ್ಬನ ಸಂಬಳ. ಅಪ್ಪ ಕೆಲಸ ಬಿಡಬೇಕಾಗಿ ಬಂದಾಗ ಚಿಕ್ಕಪ್ಪ ಮಸಾಲೆಯ ವ್ಯಾಪಾರ ಆರಂಭಿಸುತ್ತಾನೆ. ‘ಸೋನಾ ಮಸಾಲ’ ಎಂಬ ಆ ವ್ಯಾಪಾರ ಕುದುರುತ್ತದೆ. ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ. ಹಣ ತರುವವನು ಚಿಕ್ಕಪ್ಪನಾದ್ದರಿಂದ ಅವನ ಸುಖವೇ ಎಲ್ಲರ ಧರ್ಮವಾಗುತ್ತದೆ. ಕಥೆ ಹೇಳುವ ಮಗನಿಗೆ ಕಂಪನಿಯಲ್ಲಿ ನಿರ್ದೇಶಕನ ಹುದ್ದೆ, ತಿಂಗಳ ಸಂಬಳ. ಕೆಲಸ ಮಾತ್ರ ಇಲ್ಲ. ಅವನನ್ನು ಮದುವೆಯಾಗಿ ಹೈದರಾಬಾದಿನಿಂದ ಬಂದ ಅನಿತಾ ಎಂಬ ಹೆಣ್ಣುಮಗಳು, ತನ್ನ ಗಂಡ ದುಡಿಯದೆ ಉಣ್ಣುವವನು ಎಂಬುದನ್ನು ಕಂಡುಕೊಂಡು ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಹೇಳಿದ್ದೇ ಅವಳ ತಪ್ಪು. ಕಥೆ ಆರಂಭವಾಗುವ ಹೊತ್ತಿಗೆ ಅವಳು ಮನೆಯಲ್ಲಿಲ್ಲ. ತವರಿಗೆ ಹೋದವಳು ಇನ್ನೂ ಹಿಂದಿರುಗಿಲ್ಲ. ಅವಳಿಗೆ ಏನಾಯಿತು? ಕಥೆ ಹೇಳುವವನು ಕೊನೆಯವರೆಗೂ ತನಗೆ ತಿಳಿದಿದೆ ಎಂದು ಹೇಳುವುದಿಲ್ಲ. ಆದರೆ ಹಿಂದೊಂದು ಸಂಜೆ ಮನೆಯವರು ಕೊಲೆಯನ್ನು ಕುರಿತು ಆಡಿದ ಮಾತುಗಳನ್ನು ಅವನು ಮರೆತಿಲ್ಲ.

ಈ ‘ಹೇಳುವುದಿಲ್ಲ’ ಎಂಬುದರಲ್ಲಿಯೇ ಇಡೀ ಕಥೆಯ ತಿರುಳಿದೆ ಎಂಬುದು ನಮ್ಮ ಅನಿಸಿಕೆ.

ನಮ್ಮ ದರ್ಶನಗಳಲ್ಲಿ ಅಜ್ಞಾನವನ್ನು ವಿವರಿಸಲು ಸಾಮಾನ್ಯವಾಗಿ ಬಳಸುವ ದೃಷ್ಟಾಂತ ಹಗ್ಗ ಮತ್ತು ಹಾವಿನದು. ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಿನಂತೆ ತೋರುತ್ತದೆ. ದೀಪ ತಂದೊಡನೆ ಹಾವು ಇಲ್ಲವಾಗುತ್ತದೆ. ಈ ದೃಷ್ಟಾಂತದಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ಕತ್ತಲೆಯನ್ನು ಯಾರೂ ತಂದು ಸುರಿದಿಲ್ಲ. ಅವಿದ್ಯೆಯು ಅನಾದಿ ಎನ್ನುತ್ತಾರೆ ವೇದಾಂತಿಗಳು. ಶಾನಭಾಗರ ಕಥಾನಾಯಕನ ಅಜ್ಞಾನ ಆ ಜಾತಿಯದಲ್ಲ. ಅವನ ಎದುರಿಗೆ ದೀಪ ಹಿಡಿದವರು ಬರುತ್ತಲೇ ಇರುತ್ತಾರೆ. ಅವನು ಒಂದೊಂದನ್ನೇ ಉಸಿರು ಹಾಕಿ ಆರಿಸುತ್ತ ಹೋಗುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಪ್ರೀತಿಯಿಂದ ಮಾಡಿದ ಸಾರನ್ನು ಡಬ್ಬಿಯಲ್ಲಿ ತೆಗೆದುಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಈತ ಅದನ್ನು ನಿಂತು ನೋಡುತ್ತಾನೆ. ಅವಳ ಅವಮಾನ ಅವನಿಗೆ ಕಾಣದೆ ಇಲ್ಲ. ಕಂಡದ್ದರಿಂದಲೇ ನಮಗೆ ಹೇಳುತ್ತಿದ್ದಾನೆ. ಆದರೆ ಕಂಡದ್ದು ಅವನನ್ನು ಒಂದು ಹೆಜ್ಜೆಯೂ ಮುಂದಕ್ಕೆ ನಡೆಸುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಒಂದು ಪದವಿದೆ. ಸಂಸ್ಕೃತದಲ್ಲಿ ಜ್ಞಾನಕ್ಕೆ ಎದುರು ಪದ ಅಜ್ಞಾನ. ಒಂದು ಅಕ್ಷರದ ನಿಷೇಧ, ಇಲ್ಲದಿರುವಿಕೆ. ಕನ್ನಡದ ಶರಣರು ‘ಅರಿವು’ ಎಂಬುದರ ಎದುರಿಗೆ ಇಟ್ಟ ಪದ ‘ಮರೆವು’. ಮರೆಯಬೇಕಾದರೆ ಮೊದಲು ತಿಳಿದಿರಬೇಕು. ಎಂದೂ ತಿಳಿಯದಿದ್ದುದನ್ನು ಯಾರೂ ಮರೆಯಲಾರರು. ಹಾಗೆಯೇ ‘ಮರೆ’ ಎಂಬ ಮಾತಿಗೆ ಮರೆತುಬಿಡುವುದು ಎಂಬ ಅರ್ಥವೂ ಇದೆ, ಅಡ್ಡವಾಗಿ ಹಿಡಿದ ತೆರೆ ಎಂಬ ಅರ್ಥವೂ ಇದೆ. ಭಾಷಾಶಾಸ್ತ್ರಜ್ಞರು ಇವೆರಡರ ಮೂಲವನ್ನು ಹೇಗೆ ನಿರ್ಣಯಿಸುತ್ತಾರೋ ಅವರಿಗೆ ಬಿಟ್ಟದ್ದು. ಅರ್ಥದಲ್ಲಂತೂ ಅವು ಒಂದರ ಮಗ್ಗುಲಲ್ಲಿ ಇನ್ನೊಂದು ಕುಳಿತಿವೆ. ಕಥಾನಾಯಕನ ‘ಗೊತ್ತಿಲ್ಲ’ ಎಂಬುದು ಅಜ್ಞಾನವಲ್ಲ, ಮರೆವು. ಅದು ಅವನು ಪ್ರತಿದಿನ ಶ್ರಮಪಟ್ಟು ಮಾಡುವ ಕೆಲಸ. ಆ ಮನೆಯಲ್ಲಿ ಅವನು ಮಾಡುತ್ತಿದ್ದ ಏಕೈಕ ಕೆಲಸ ಅದೇ ಎಂದರೂ ತಪ್ಪಾಗದು.

ಫ್ರಾನ್ಸಿನ ತತ್ತ್ವಜ್ಞಾನಿ ಜಾನ್ ಪಾಲ್ ಸಾರ್ತ್ರ್ 1943ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಇದೇ ತೊಡಕನ್ನು ಎತ್ತಿಕೊಂಡಿದ್ದಾನೆ. ಒಬ್ಬನು ಇನ್ನೊಬ್ಬನಿಗೆ ಸುಳ್ಳು ಹೇಳಿದರೆ ಹೇಳಿದವನಿಗೆ ಸತ್ಯ ತಿಳಿದಿರುತ್ತದೆ, ಕೇಳಿದವನಿಗೆ ತಿಳಿದಿರುವುದಿಲ್ಲ. ಒಬ್ಬನು ತನಗೆ ತಾನೇ ಸುಳ್ಳು ಹೇಳಿಕೊಂಡರೆ? ಮೋಸ ಮಾಡಿದವನೂ ಮೋಸ ಹೋದವನೂ ಅವನೇ. ಮುಚ್ಚಿಡಬೇಕಾದರೆ ಏನನ್ನು ಮುಚ್ಚಿಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿರಬೇಕು. ಅಲ್ಲಿ ಸಾರ್ತ್ರ್ ಕೊಡುವ ಪ್ರಸಿದ್ಧ ಉದಾಹರಣೆಗಳಲ್ಲೊಂದು, ಹೋಟೆಲಿನ ಪರಿಚಾರಕನ ಪಾತ್ರವನ್ನು ಅತಿಯಾದ ಅಚ್ಚುಕಟ್ಟಿನಿಂದ ಅಭಿನಯಿಸುತ್ತ, ತಾನು ಅದಷ್ಟೇ ಎಂದು ನಂಬಿಸಿಕೊಳ್ಳುವ ಒಬ್ಬ ಪರಿಚಾರಕನದು. ಆ ಪರಿಚಾರಕನನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇದು ಪುಸ್ತಕದ ಮಾತಾಯಿತು. ಕೌಟುಂಬಿಕ ವ್ಯಾಜ್ಯಗಳನ್ನು ತೆಗೆದುಕೊಂಡು ಮಠಕ್ಕೆ ಬರುವವರ ಅಹವಾಲುಗಳನ್ನು ನಾವು ಕೇಳಬೇಕಾಗುತ್ತದೆ. ಅಲ್ಲಿ ಅತ್ಯಂತ ಹೆಚ್ಚು ಬಾರಿ ಕೇಳಿಬರುವ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ, ‘ನಂಗೇನೂ ಗೊತ್ತಿಲ್ಲ ಬುದ್ಧಿ’ ಎಂಬುದೇ ನಮ್ಮ ಉತ್ತರ. ಕೆಲವು ತಿಂಗಳ ಹಿಂದೆ ಒಬ್ಬ ಯುವಕ ತಂದೆತಾಯಿಗಳೊಂದಿಗೆ ಬಂದಿದ್ದ. ಹೆಂಡತಿ ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ಅವಳೂ ತನ್ನ ಅಣ್ಣನೊಂದಿಗೆ ಬಂದು ಸಭೆಯ ಇನ್ನೊಂದು ಬದಿಯಲ್ಲಿ ಕುಳಿತಿದ್ದಳು. ಏಕೆ ಹೋದಳು ಎಂದು ಕೇಳಿದರೆ, ‘ಗೊತ್ತಿಲ್ಲ ಬುದ್ಧಿ’. ಮನೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದರೆ, ‘ಅಮ್ಮನ್ನೇ ಕೇಳಿ ಬುದ್ಧಿ’. ಸೌಮ್ಯ ಸ್ವಭಾವದ ಹುಡುಗ. ಕುಡಿತವಿಲ್ಲ, ಕೈ ಮಾಡಿದವನಲ್ಲ. ಅವಳ ಕಡೆಯವರೂ ಅವನ ಮೇಲೆ ನೇರವಾದ ದೂರೇನನ್ನೂ ಹೇಳಲಿಲ್ಲ.

ಮಾತಿನ ನಡುವೆ ಆ ಹೆಣ್ಣುಮಗಳಿಗೆ ಒಮ್ಮೆ ಜ್ವರ ಬಂದಿದ್ದ ಪ್ರಸ್ತಾಪ ಬಂತು. ಆಗ ಎಲ್ಲಿ ಮಲಗಿದ್ದಳು ಎಂದು ಸುಮ್ಮನೆ ಕೇಳಿದೆವು. ಅವನು ತಡಮಾಡದೆ ಹೇಳಿದ: ಕಾಳು ಕಡಿ ತುಂಬಿಡುವ ಹಿಂದಿನ ಕೋಣೆಯಲ್ಲಿ. ಜ್ವರ ಎಲ್ಲರಿಗೂ ಹತ್ತೀತೆಂದು ತಾಯಿ ಅಲ್ಲಿ ಹಾಸಿದ್ದರು. ಎಷ್ಟು ದಿನ? ಒಂಬತ್ತು ದಿನ. ಅನ್ನ ಯಾರು ಕೊಡುತ್ತಿದ್ದರು? ಪಕ್ಕದ ಮನೆಯ ಅಜ್ಜಿ. ಎರಡನೆಯ ರಾತ್ರಿ ಅವಳು ದೀಪ ಆರಿಸಿರಲಿಲ್ಲ, ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು ಎಂಬುದು ಸಹ ಅವನಿಗೆ ನೆನಪಿತ್ತು. ಅಂದರೆ ಅವನು ಆ ರಾತ್ರಿ ಎದ್ದು ಬಾಗಿಲವರೆಗೆ ಬಂದಿದ್ದ. ಅಲ್ಲಿಂದ ಹಿಂದಿರುಗಿ ಹೋಗಿ ಮಲಗಿದ್ದ. ಸಭೆಯಲ್ಲಿ ಮೌನ ಕವಿಯಿತು. ಅದುವರೆಗೆ ತಲೆ ತಗ್ಗಿಸಿ ಕುಳಿತಿದ್ದ ಆಕೆ ಮೊದಲ ಬಾರಿಗೆ ಬಾಯಿ ತೆರೆದು, ‘ಅವರಿಗೆ ಎಲ್ಲಾ ಗೊತ್ತು ಬುದ್ಧಿ. ಗೊತ್ತಿಲ್ಲ ಅನ್ನೋದನ್ನ ಒಂದು ಸಲ ಬಿಡ್ಲಿ, ನಾನು ಬರ್ತೀನಿ’ ಎಂದಳು. ಅವಳು ಕೇಳಿದ್ದು ಒಡವೆಯನ್ನಲ್ಲ, ಬೇರೆ ಮನೆಯನ್ನೂ ಅಲ್ಲ. ಆ ಪ್ರಕರಣ ಮುಂದೇನಾಯಿತು ಎಂಬುದು ಅವರ ಮನೆಯ ವಿಷಯ, ಇಲ್ಲಿ ಅಪ್ರಸ್ತುತ.

ಆ ದಿನ ನಮಗೆ ಥಟ್ಟನೆ ನೆನಪಾದದ್ದು ಇಂಗ್ಲೆಂಡಿನ ಒಬ್ಬ ಬಟ್ಲರ್. ಜಪಾನಿನ ನಾಗಾಸಾಕಿಯಲ್ಲಿ 1954ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಬಂದು ನೆಲೆಸಿ, 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ ಎಂಬ ಕಾದಂಬರಿಯ ನಾಯಕ ಸ್ಟೀವನ್ಸ್. ಕಾದಂಬರಿಗೆ 1989ರ ಬೂಕರ್ ಪ್ರಶಸ್ತಿ ಬಂದಿದೆ. ಸ್ಟೀವನ್ಸ್ ಒಬ್ಬ ಶ್ರೀಮಂತ ಪ್ರಭುವಿನ ಬಂಗಲೆಯಲ್ಲಿ ಸೇವಕವರ್ಗದ ಮುಖ್ಯಸ್ಥ. ಪ್ರಭುವಿಗೆ ಜರ್ಮನಿಯ ನಾಜಿಗಳ ಬಗೆಗೆ ಒಲವು. 1930ರ ದಶಕದಲ್ಲಿ ಒಂದು ದಿನ ಆತ ಯಹೂದಿಗಳೆಂಬ ಒಂದೇ ಕಾರಣಕ್ಕಾಗಿ ಇಬ್ಬರು ಕೆಲಸದ ಹುಡುಗಿಯರನ್ನು ತೆಗೆದುಹಾಕಲು ಹೇಳುತ್ತಾನೆ. ಸ್ಟೀವನ್ಸ್ ಮರುಮಾತಿಲ್ಲದೆ ಆ ಆಜ್ಞೆಯನ್ನು ಪಾಲಿಸುತ್ತಾನೆ. ಮನೆವಾರ್ತೆ ನೋಡಿಕೊಳ್ಳುವ ಮಿಸ್ ಕೆಂಟನ್ ಎಂಬಾಕೆ ಇದು ಅನ್ಯಾಯವೆಂದು ಪ್ರತಿಭಟಿಸುತ್ತಾಳೆ. ವರ್ಷ ಕಳೆದು ಪ್ರಭುವಿಗೇ ಪಶ್ಚಾತ್ತಾಪವಾದ ಮೇಲೆ ಸ್ಟೀವನ್ಸ್ ಅವಳೊಡನೆ, ತನಗೂ ಅಂದು ನೋವಾಗಿತ್ತು ಎನ್ನುತ್ತಾನೆ. ಹಾಗಿದ್ದರೆ ಅಂದೇ ಏಕೆ ಹೇಳಲಿಲ್ಲ, ಹೇಳಿದ್ದರೆ ನನಗೆ ಎಷ್ಟು ಬಲ ಬರುತ್ತಿತ್ತು ಎಂದು ಅವಳು ಕೇಳುತ್ತಾಳೆ. ಅವನ ಬಳಿ ಉತ್ತರವಿಲ್ಲ. ಅವನೂ ಬಾಗಿಲವರೆಗೆ ಬಂದು ಹಿಂದಿರುಗಿ ಹೋದವನು.

ಈ ಕಾದಂಬರಿಯಲ್ಲಿ ನಮ್ಮನ್ನು ಅತಿಯಾಗಿ ಕಲಕಿದ ಪ್ರಸಂಗ ಇನ್ನೊಂದಿದೆ. ಬಂಗಲೆಯಲ್ಲಿ ದೊಡ್ಡದೊಂದು ರಾಜತಾಂತ್ರಿಕ ಸಮಾವೇಶ ನಡೆಯುತ್ತಿರುವಾಗ ಮಹಡಿಯ ಕೋಣೆಯಲ್ಲಿ ಸ್ಟೀವನ್ಸನ ವೃದ್ಧ ತಂದೆ ಸಾಯುತ್ತಿರುತ್ತಾನೆ. ಮಗ ಅತಿಥಿಗಳಿಗೆ ಪಾನೀಯ ನೀಡುತ್ತ ಓಡಾಡುತ್ತಿರುತ್ತಾನೆ. ತನಗೆ ದುಃಖವಾಯಿತೆಂದು ಅವನು ಓದುಗರಿಗೆ ಒಂದು ಪದದಲ್ಲಿಯೂ ಹೇಳುವುದಿಲ್ಲ. ಅವನ ಪ್ರಭು ಹತ್ತಿರ ಬಂದು, ನೀನು ಅಳುತ್ತಿರುವಂತೆ ಕಾಣುತ್ತೀಯಲ್ಲ ಎಂದು ವಿಚಾರಿಸುತ್ತಾನೆ. ಅವನ ಕಣ್ಣೀರು ನಮಗೆ ತಿಳಿಯುವುದು ಇನ್ನೊಬ್ಬರ ಬಾಯಿಂದ. ದಿನದ ದಣಿವು, ಬೇರೇನಿಲ್ಲ ಎಂದು ಅವನು ಜಾರಿಕೊಳ್ಳುತ್ತಾನೆ. ತನ್ನ ಕೆನ್ನೆಯ ಮೇಲಿನ ನೀರನ್ನು ತಾನು ಕಾಣಲಾರದವನಿಗೆ ಇನ್ನೊಬ್ಬರು ತೋರಿಸಬೇಕಾಗುತ್ತದೆ.

ಮಹಾವಿದ್ವಾಂಸನಾದವನಿಗೂ ಇದು ತಪ್ಪಿದ್ದಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕನ್ನಡಿಗರಿಗೆಲ್ಲ ಪರಿಚಿತವಾದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಡಕಿದರೂ ಉತ್ತರ ಸಿಗುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಚಂದ್ರಿಯ ಸಂಗದಿಂದ ತಮ್ಮನ್ನು ತಾವೇ ಹೊಸದಾಗಿ ಕಂಡುಕೊಂಡ ಆಚಾರ್ಯರು, ಮರುದಿನಗಳಲ್ಲಿ ಅದನ್ನು ಯಾರಿಗೂ ಹೇಳಲಾರದೆ, ಬೆನ್ನು ಹತ್ತಿದ ಪುಟ್ಟನಿಂದ ಗುರುತು ಮರೆಸಿಕೊಂಡು ಊರೂರು ಅಲೆಯುತ್ತಾರೆ. ಅರಿವಾಗಿದೆ, ನುಡಿಯಾಗಿಲ್ಲ. ಅದೇ ಅವರ ಸಂಕಟ. ಈ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಎ. ಕೆ. ರಾಮಾನುಜನ್. ಅದಕ್ಕೆ ಮೂರು ವರ್ಷ ಮೊದಲು, 1973ರಲ್ಲಿ, ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದವರೂ ಅವರೇ. ವಚನಕ್ಕೂ ಈ ಕಾದಂಬರಿಗೂ ಒಂದೇ ಕೈ ತಾಗಿದ್ದು ಆಕಸ್ಮಿಕವಿರಬಹುದು. ನಮಗೆ ಹಾಗೆನ್ನಿಸುವುದಿಲ್ಲ.

ಅರಿವು ನುಡಿಯಾಗುವ ಈ ಕಷ್ಟವನ್ನು ಶೂನ್ಯಸಂಪಾದನೆಯ ಮುಕ್ತಾಯಕ್ಕನ ಪ್ರಸಂಗದಷ್ಟು ಆಳವಾಗಿ ಚರ್ಚಿಸಿದ ಭಾಗ ನಮ್ಮ ಸಾಹಿತ್ಯದಲ್ಲಿ ವಿರಳ. ಅಜಗಣ್ಣ ಅವಳಿಗೆ ಅಣ್ಣನೂ ಹೌದು, ಗುರುವೂ ಹೌದು. ತನ್ನ ಸಾಧನೆಯನ್ನು ಲೋಕಕ್ಕೆ ತೋರದೆ ಗುಪ್ತವಾಗಿಟ್ಟುಕೊಂಡಿದ್ದ ಆತ ಅಗಲಿದಾಗ ಮುಕ್ತಾಯಕ್ಕ ಶೋಕಿಸುತ್ತಿದ್ದಾಳೆ. ಅಲ್ಲಿಗೆ ಬಂದ ಅಲ್ಲಮಪ್ರಭುವಿನೊಡನೆ ಅವಳು ವಾದಕ್ಕೆ ನಿಲ್ಲುತ್ತಾಳೆ. ತಿಳಿದವನಿಗೆ ಮಾತಿನ ಹಂಗೇಕೆ, ಮಾತಾಡಿದೊಡನೆ ಅರಿವಿಗೆ ಕಳಂಕವಲ್ಲವೇ ಎಂಬ ದಿಕ್ಕಿನಲ್ಲಿ ಅವಳ ಪ್ರಶ್ನೆಗಳು ಸಾಗುತ್ತವೆ. ಪ್ರಭುವು ಮಾತನ್ನು ಬಿಟ್ಟುಕೊಡುವುದಿಲ್ಲ. ತನ್ನನ್ನು ಅರಿತವನ ನುಡಿ ಬೇರೆ, ತನ್ನನ್ನು ಮರೆತವನ ನುಡಿ ಬೇರೆ ಎಂದು ಆತ ವಿಂಗಡಿಸುತ್ತಾನೆ. ಡಿ. ಆರ್. ನಾಗರಾಜ್ ಅವರ ನಿಧನಾನಂತರ 1999ರಲ್ಲಿ ಹೊರಬಂದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಎಂಬ ಗ್ರಂಥವನ್ನು ಅಲ್ಲಮನ ಭಾಷಾಚಿಂತನೆಯಲ್ಲಿ ಆಸಕ್ತಿಯುಳ್ಳವರು ಅವಶ್ಯ ನೋಡಬೇಕು.

ನಮ್ಮ ಪ್ರಸ್ತುತ ವಿಚಾರಕ್ಕೆ ಬೇಕಾದದ್ದು ಈ ವಿಂಗಡಣೆ. ಮರೆತವನು ಮೂಕನಾಗಿರುತ್ತಾನೆಂದು ಅಲ್ಲಮ ಹೇಳುತ್ತಿಲ್ಲ. ಮರೆತವನೂ ಮಾತಾಡುತ್ತಾನೆ, ಬಹಳ ಚೆನ್ನಾಗಿಯೇ ಮಾತಾಡುತ್ತಾನೆ. ‘ಘಾಚರ್ ಘೋಚರ್’ನ ನಿರೂಪಕನ ಕನ್ನಡ ಎಷ್ಟು ನಯವಾಗಿದೆ! ಸ್ಟೀವನ್ಸನ ಇಂಗ್ಲಿಷ್ ಇಸ್ತ್ರಿ ಮಾಡಿದ ಬಟ್ಟೆಯಂತೆ ಗರಿಗರಿಯಾಗಿದೆ. ಆ ನಯವೇ ಅವರು ಹಿಡಿದಿರುವ ಮರೆ. ಶಾನಭಾಗರ 2021ರ ಕಾದಂಬರಿ ‘ಸಕೀನಾಳ ಮುತ್ತು’ವಿನಲ್ಲಿ ಮಗಳು ಎಲ್ಲಿ ಹೋದಳೆಂದು ಹುಡುಕುವ ತಂದೆ ಕೂಡ ಇದೇ ವಂಶದವನು.

ವಚನವೂ ಕಾದಂಬರಿಯೂ ‘ನಾನು’ ಎಂದೇ ಮಾತಾಡುತ್ತವೆ. ವಚನಕಾರನು ಕೊನೆಗೆ ತನ್ನ ಹೆಸರನ್ನು ಹಾಕುವುದಿಲ್ಲ. ಕೂಡಲಸಂಗಮದೇವ, ಗುಹೇಶ್ವರ ಎಂದು ಇಷ್ಟದೈವದ ಅಂಕಿತವನ್ನಿಡುತ್ತಾನೆ. ಮುಕ್ತಾಯಕ್ಕನಂತೂ ತನ್ನ ಅಣ್ಣನ ಹೆಸರನ್ನೇ ಅಂಕಿತವಾಗಿಸಿಕೊಂಡಳು. ಹೆಸರನ್ನು ಮರೆಮಾಡಿದ ಬಸವಣ್ಣನವರು ತಮ್ಮ ಕುಂದುಗಳನ್ನು ಮಾತ್ರ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಶಾನಭಾಗರ ನಿರೂಪಕನಿಗೂ ಕಥೆಯ ಉದ್ದಕ್ಕೂ ಹೆಸರಿಲ್ಲ. ಅವನು ಹೆಸರಿನೊಂದಿಗೆ ತನ್ನನ್ನೂ ಅಡಗಿಸಿಕೊಂಡಿದ್ದಾನೆ. ಹಾಗೆಂದು ವಚನದ ಓದೇ ಮೇಲು, ಕಾದಂಬರಿಯ ಓದು ಕೀಳು ಎಂದು ನಾವು ಹೇಳುತ್ತಿಲ್ಲ. ಬಸವಣ್ಣನವರ ಆತ್ಮನಿರೀಕ್ಷೆಯ ವಚನಗಳನ್ನು ಇಂದು ಸಭೆ ಸಮಾರಂಭಗಳಲ್ಲಿ ರಾಗವಾಗಿ ಹಾಡುತ್ತಾರೆ, ಕೇಳುವವರು ತಲೆದೂಗುತ್ತಾರೆ, ಆ ಕುಂದು ಬಸವಣ್ಣನವರದೇ ಆಗಿ ಉಳಿದು, ತಲೆದೂಗಿದವರಿಗೆ ಅಂಟದೆ ಜಾರಿಹೋಗುತ್ತದೆ. ಕಾದಂಬರಿಯಲ್ಲಿ ಅಷ್ಟು ಸುಲಭವಾಗಿ ಜಾರಿಕೊಳ್ಳಲು ಬಿಡುವುದಿಲ್ಲ. ಸಾರಿನ ಡಬ್ಬಿ ಹಿಡಿದ ಹೆಂಗಸನ್ನು ಬೈದು ಅಟ್ಟುವ ಪುಟಗಳನ್ನು ಓದುವಾಗ, ಈ ಗಲಾಟೆ ಬೇಗ ಮುಗಿದು ಬಾಗಿಲು ಮುಚ್ಚಿದರೆ ಸಾಕು ಎಂದು ಓದುಗನಿಗೂ ಅನ್ನಿಸುತ್ತದೆ. ಅನ್ನಿಸಿದ ಮರುಕ್ಷಣ ತಾನು ಯಾರ ಪಕ್ಕದಲ್ಲಿ ನಿಂತಿದ್ದೇನೆಂದು ಅವನಿಗೆ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯನ್ನು ಅಲ್ಲಮ ಕಟುವಾಗಿ ಪ್ರಶ್ನಿಸಿದ. ಅಕ್ಕ ಉತ್ತರಿಸಿದಳು. ತನ್ನನ್ನು ತಾನು ಅರಿಯುವ ಕಾರ್ಯ ಶರಣರಿಗೆ ಏಕಾಂತದ ಗುಹೆಯಲ್ಲಿ ಮಾತ್ರ ನಡೆಯುವಂಥದಾಗಿರಲಿಲ್ಲ. ಎದುರಿಗೆ ಕುಳಿತು ಕೇಳುವ ಇನ್ನೊಬ್ಬರು ಬೇಕಾಗಿದ್ದರು. ನಾವು ಚರ್ಚಿಸಿದ ಕಥೆಗಳಲ್ಲಿ ಅಂಥವರು ಇಲ್ಲದಿಲ್ಲ. ಅನಿತಾ ಇದ್ದಳು, ಮಿಸ್ ಕೆಂಟನ್ ಇದ್ದಳು. ಇಬ್ಬರೂ ಹೊರಗಿನಿಂದ ಆ ಮನೆಗೆ ಬಂದವರು. ಮನೆಯ ಮರೆವಿನಲ್ಲಿ ಇನ್ನೂ ಪಾಲು ಪಡೆಯದವರು. ಆದ್ದರಿಂದಲೇ ಅವರಿಗೆ ಕಂಡಿತು. ಕಂಡದ್ದನ್ನು ಹೇಳಿದವರು ಇಬ್ಬರೂ ಕಡೆಗೆ ಆ ಮನೆಗಳಲ್ಲಿ ಉಳಿಯಲಿಲ್ಲ. ನಮ್ಮ ಮುಂದೆ ಬರುವ ವ್ಯಾಜ್ಯಗಳಲ್ಲಿ ಸೊಸೆಯಂದಿರ ಮೇಲೆ ಹೊರಿಸುವ ದೂರು ಬಹುತೇಕ ಒಂದೇ: ‘ಅವಳಿಗೆ ಬಾಯಿ ಜಾಸ್ತಿ ಬುದ್ಧಿ.’

ಅನಿತಾಳಿಲ್ಲದ ಮನೆಯಿಂದ ತಪ್ಪಿಸಿಕೊಂಡು ಕಥಾನಾಯಕನು ಹೋಗಿ ಕೂರುವುದು ಕಾಫಿ ಹೌಸಿನಲ್ಲಿ. ಅಲ್ಲಿ ವಿನ್ಸೆಂಟ್ ಎಂಬ ಪರಿಚಾರಕನಿದ್ದಾನೆ. ಕಥಾನಾಯಕನ ದೃಷ್ಟಿಯಲ್ಲಿ ಅವನು ಸರ್ವಜ್ಞ. ಕಾಫಿಯ ಜೊತೆಗೆ ಅವನು ಆಡಿದ ಒಂದೆರಡು ಸಾಧಾರಣ ಮಾತುಗಳಲ್ಲಿ ಈತ ಮಹಾಸೂತ್ರಗಳನ್ನು ಹುಡುಕುತ್ತಾನೆ. ತನ್ನ ಸಂಕಟವೆಲ್ಲ ಅವನಿಗೆ ಹೇಳದೆಯೇ ಗೊತ್ತು ಎಂದು ನಂಬಿ ಸಮಾಧಾನಪಡುತ್ತಾನೆ. ಇದನ್ನು ಓದುವಾಗ ನಮಗೆ ಮುಜುಗರವಾಗದೆ ಇರಲಿಲ್ಲ. ಎಲ್ಲವೂ ತಮಗೇ ಗೊತ್ತಿದೆಯಲ್ಲ ಬುದ್ಧಿ ಎಂದು ಕೈಮುಗಿದು, ಹೇಳಬೇಕಾದುದನ್ನು ಹೇಳದೆ ಪ್ರಸಾದ ಸ್ವೀಕರಿಸಿ ಹೊರಟುಹೋಗುವವರು ನಮ್ಮ ಮುಂದೆಯೂ ದಿನಂಪ್ರತಿ ಕುಳಿತಿರುತ್ತಾರೆ. ತನಗೆ ಗೊತ್ತಿರುವುದನ್ನು ಗುರುವಿನ ಖಾತೆಗೆ ಬರೆದುಬಿಟ್ಟರೆ ಶಿಷ್ಯನಿಗೆ ಏನೂ ಗೊತ್ತಿರಬೇಕಾಗಿಲ್ಲ.

ಕೊನೆಯ ಪುಟದಲ್ಲಿ ಅವನ ಕೈಯಲ್ಲಿದ್ದ ಗಾಜಿನ ಲೋಟ ಒಡೆಯುತ್ತದೆ. ವಿನ್ಸೆಂಟ್ ಬಳಿಗೆ ಬರುತ್ತಾನೆ. ಈ ಬಾರಿ ಅವನು ಯಾವ ಒಗಟಿನ ಮಾತನ್ನೂ ಆಡುವುದಿಲ್ಲ. ಕೈಗೆ ರಕ್ತವಾಗಿದೆ, ತೊಳೆದುಕೊಳ್ಳಿ ಎಂದು ಪರಿಚಾರಕನೊಬ್ಬನ ಸಹಜ ಸೌಜನ್ಯದಿಂದ ಸೂಚಿಸುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಅವನು ಎದ್ದು ನಲ್ಲಿಯವರೆಗೆ ಹೋದನೋ, ಕುಳಿತಲ್ಲಿಯೇ ಇನ್ನೊಂದು ಕಾಫಿ ಹೇಳಿದನೋ, ಲೇಖಕರು ಬರೆದಿಲ್ಲ.